ಬಾಗಿಲು ತೆಗೆದರೆ ತಂಡಿ ಹೋಗ್ತದೆ

ಬಾಪ್ಪುವಿನ ವ್ಯಾನಿನ ಸುದ್ದಿ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅದರ ನಾತ. ಆ ನಾತ ಇಂದಿಗೂ ನನ್ನ ಮೂಗಿನಲ್ಲಿದೆ ಎಂದು ಬರೆಯಹೊರಟೆ. ಅದು ಸುಳ್ಳು. ಮೂಗು ಏನನ್ನೂ ಅಷ್ಟು ಕಾಲ ಇಟ್ಟುಕೊಳ್ಳುವುದಿಲ್ಲ. ಉಳಿದಿರುವುದು ಹೇಸಿಗೆ. ಅದು ಯಾವುದರ ಮೇಲಿನ ಹೇಸಿಗೆ ಎಂದು ಗುರುತಿಸುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು.

ಬಾಪ್ಪು ಎಂದರೆ ನನ್ನ ತಂದೆಯ ತಮ್ಮ. ನಮ್ಮದು ಫಳ್ನೀರಿನಲ್ಲಿದ್ದ, ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ತಂದೆ ತೀರಿಕೊಂಡು, ಅಕ್ಕನ ಮದುವೆಯೂ ಆದ ಮೇಲೆ ಉಳಿದವರು ಮೂವರು: ಮಾಯ್, ಅಂದರೆ ನನ್ನ ತಾಯಿ; ಕೊಲ್ಲಿಯ ಎಣ್ಣೆ ಕಂಪನಿಯೊಂದರಲ್ಲಿ ದುಡಿದು ಮರಳಿದ, ಮದುವೆಯಾಗದ ಬಾಪ್ಪು; ಮತ್ತು ನಾನು. ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಕಾಲೇಜಿನ ಪ್ರಯೋಗಾಲಯದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಅರವತ್ತರ ದಶಕ ಆಗಷ್ಟೇ ತೊಡಗಿತ್ತು. ಮನೆಯಲ್ಲಿ ನಾವು ಆಡುತ್ತಿದ್ದದ್ದು ಕೊಂಕಣಿ. ಇಲ್ಲಿ ಅದು ಊರಿನ ಕನ್ನಡದಲ್ಲಿ ಬರುತ್ತಿದೆ. ಅಷ್ಟರ ಮಟ್ಟಿಗೆ ಎಲ್ಲರ ಮಾತಿನಲ್ಲೂ ನನ್ನ ಕೈ ಸೇರಿದೆ.

ಕೊಲ್ಲಿಯಲ್ಲಿ ಬಿಳಿ ಸಾಹೇಬರು ಮನೆಯಂಥ ಗಾಡಿಗಳನ್ನು ಮರಳುಗಾಡಿಗೆ ಎಳೆದುಕೊಂಡು ಹೋಗಿ, ಅಲ್ಲಿ ದೀಪ ಹಚ್ಚಿ, ತಣ್ಣಗಿನ ಬಿಯರ್ ಕುಡಿಯುತ್ತಿದ್ದುದನ್ನು ಬಾಪ್ಪು ದೂರದಿಂದ ನೋಡಿದ್ದ. ಅದನ್ನೇ ಇಲ್ಲಿ ಮಾಡಬೇಕೆಂದು ಹರಾಜಿನಲ್ಲಿ ಮಿಲಿಟರಿಯವರ ಹಳೆಯ ಆಂಬ್ಯುಲೆನ್ಸ್ ವ್ಯಾನೊಂದನ್ನು ಹಿಡಿದು ತಂದ. ಒಳಗೆ ಎರಡು ಮಂಚ, ಒಂದು ಸ್ಟವ್ ಇಡುವ ಹಲಗೆ, ಹಡಗಿನಲ್ಲಿ ತಂದಿದ್ದ ಪುಟ್ಟ ಫ್ರಿಜ್. ಮಂಚದ ಕೆಳಗೆ ಎರಡು ಲಾರಿ ಬ್ಯಾಟರಿ. ಅವುಗಳ ಪಕ್ಕದಲ್ಲಿ, ಅವನ ಹೆಮ್ಮೆಯ ವಸ್ತು: ಮಿಲಿಟರಿ ಗುಜರಿಯಿಂದ ಬಂದ ಕನ್ವರ್ಟರ್. ಒಂದು ತುದಿಯಲ್ಲಿ ಬ್ಯಾಟರಿಯಿಂದ ತಿರುಗುವ ಮೋಟಾರು, ಇನ್ನೊಂದು ತುದಿಯಲ್ಲಿ ಮನೆಯ ಕರೆಂಟಿನಂಥದೇ ಕರೆಂಟು ಹುಟ್ಟಿಸುವ ಡೈನಮೋ. ಈಗ ಇನ್ವರ್ಟರ್ ಎಂದು ಮನೆಮನೆಯ ಮೂಲೆಯಲ್ಲಿ ತೆಪ್ಪಗೆ ಕುಳಿತಿರುವ ಪೆಟ್ಟಿಗೆಯ ಅಜ್ಜ ಅದು. ಆದರೆ ಅಜ್ಜನಿಗೆ ತೆಪ್ಪಗಿರಲು ಬರುತ್ತಿರಲಿಲ್ಲ. ಹಲ್ಲು ಕೊರೆಯುವ ಯಂತ್ರದಂತೆ ಕಿರುಚುತ್ತಿತ್ತು. ಬ್ಯಾಟರಿ ಚಾರ್ಜ್ ಮಾಡುವಾಗ ವ್ಯಾನಿನ ತುಂಬ ಕೊಳೆತ ಮೊಟ್ಟೆಯ ವಾಸನೆ. ಬಾಪ್ಪುವಿನ ಪ್ಯಾಂಟುಗಳೆಲ್ಲ ಆಸಿಡ್ ಹಾರಿ ತೂತು. ಆ ತೂತುಗಳ ಒಳಗೆ ಕಾಣುತ್ತಿದ್ದ ಅವನ ಬಿಳಚು ತೊಡೆಯನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ.

ಬ್ಯಾಟರಿ ಕೊಳ್ಳಲು ನಾನೂ ಅವನ ಜೊತೆ ಬಂದರಿಗೆ ಹೋಗಿದ್ದೆ. ಅಂಗಡಿಯ ಸಾಹೇಬರು ನಮ್ಮ ಯೋಜನೆಯನ್ನು ಪೂರ್ತಿ ಕೇಳಿಸಿಕೊಂಡು, ಬ್ಯಾಟರಿಯ ಮೇಲೆ ಕೈಯಿಟ್ಟು ಹೇಳಿದರು: "ನೋಡಿ, ಇದು ಲಾರಿ ಸ್ಟಾರ್ಟ್ ಮಾಡ್ಲಿಕ್ಕೆ ಇರುವ ಬ್ಯಾಟರಿ. ಒಮ್ಮೆ ಜೋರು ಕೊಡ್ತದೆ, ಮತ್ತೆ ಮಲಗ್ತದೆ. ಇದರಲ್ಲಿ ಫ್ರಿಜ್ ಓಡಿಸುದು ಅಂದ್ರೆ ಮದುಮಗನ ಕುದುರೆಯಲ್ಲಿ ಗದ್ದೆ ಉತ್ತ ಹಾಗೆ."

"ನಮ್ಮಲ್ಲಿ ಬಿ.ಎಸ್ಸಿ. ಉಂಟು ಸಾಹೇಬ್ರೇ," ಎಂದು ಬಾಪ್ಪು ನನ್ನ ಬೆನ್ನು ತಟ್ಟಿದ. "ಲೆಕ್ಕ ಎಲ್ಲ ಹಾಕಿಟ್ಟಿದ್ದಾನೆ."

ಲೆಕ್ಕ ಹಾಕಿದ್ದು ನಿಜ. ಎಂಜಿನ್ ಓಡಿಸದೆ ಫ್ರಿಜ್ ಏಳೆಂಟು ಗಂಟೆಗಿಂತ ಹೆಚ್ಚು ನಡೆಯುವುದಿಲ್ಲ ಎಂದು ಕಾಗದದಲ್ಲಿ ಬರೆದುಕೊಟ್ಟಿದ್ದೆ. ಬಾಪ್ಪು ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ, ಓದಿದನೋ ಇಲ್ಲವೋ. ನಾನು ಬಾಯಿಬಿಟ್ಟು ಹೇಳಲಿಲ್ಲ. ಲೆಕ್ಕ ಹಾಕಬಲ್ಲವನು ಎನಿಸಿಕೊಳ್ಳುವುದರಲ್ಲಿ ನನಗಿದ್ದ ಸುಖ, ಲೆಕ್ಕದ ಉತ್ತರವನ್ನು ಹೇಳುವುದರಲ್ಲಿ ಇರಲಿಲ್ಲ.

ಮಾಯ್‌ಗೆ ಆ ವ್ಯಾನೆಂದರೆ ಆಗುತ್ತಿರಲಿಲ್ಲ. ಎಷ್ಟು ಜನ ಅದರಲ್ಲಿ ಸತ್ತಿದ್ದಾರೋ ಎನ್ನುತ್ತಿದ್ದಳು. ಅಂಥವಳು ಒಂದು ದಿನ ತಾನಾಗಿಯೇ ಅದರ ಮೆಟ್ಟಿಲ ಮೇಲೆ ಬಂದು ಕುಳಿತು, "ಇದಕ್ಕೆ ಹೊಸ್ತಿಲು ಉಂಟಾ?" ಎಂದು ಕೇಳಿದಳು.

ಅದಕ್ಕೆ ಹಿಂದಿನ ಕತೆ ಹೇಳಬೇಕು. ಅಕ್ಕನ ಮದುವೆಗೆ ಮುಂಚಿನ ದಿನ ನಮ್ಮಲ್ಲಿ ರೋಸ್ ಎಂಬ ಶಾಸ್ತ್ರ ನಡೆಯುತ್ತದೆ. ಮದುಮಗಳ ತಲೆಗೆ ತೆಂಗಿನ ಹಾಲು ಹಚ್ಚಿ ಹರಸುವುದು. ಮೊದಲು ತಾಯಿಯ ಅಣ್ಣನನ್ನು ಹೆಸರು ಹಿಡಿದು ಕರೆದು, ಎದುರು ನಿಲ್ಲಿಸಬೇಕು. ನಮ್ಮ ಮಾಮ್, ಎಂದರೆ ಸೋದರಮಾವ, ಅದಕ್ಕಾಗಿಯೇ ವಾಮಂಜೂರಿನಿಂದ ಹೊಸ ಕೋಟು ಹಾಕಿಕೊಂಡು ಬಂದಿದ್ದ. ರಜೆಯಲ್ಲಿ ಬಂದಿದ್ದ ಬಾಪ್ಪು ಕ್ಯಾಮೆರಾ ಹಿಡಿದುಕೊಂಡು, ತನ್ನ ಕೊಲ್ಲಿಯ ಗೆಳೆಯನೊಬ್ಬನನ್ನು ಮೊದಲು ಕರೆದು ನಿಲ್ಲಿಸಿದ. ಮಾಮ್ ತೆಂಗಿನ ಹಾಲಿನ ಬಟ್ಟಲನ್ನು ಕೆಳಗಿಟ್ಟ. "ಈ ಮನೆಯ ಹೊಸ್ತಿಲು ದಾಟಿ ಒಂದು ತುತ್ತು ತಿಂದ್ರೆ ನನ್ನನ್ನು ನಾಯಿ ಅಂತ ಕರೀರಿ" ಎಂದು ಹೇಳಿ ಹೊರಟುಹೋದ.

ಐದು ವರ್ಷ ಹಾಗೆಯೇ ನಡೆಯಿತು. ಮಾಯ್ ಹಬ್ಬಗಳಿಗೆ ವಾಮಂಜೂರಿಗೆ ಹೋಗಿ ಉಂಡು ಬರುತ್ತಿದ್ದಳು. ಅಣ್ಣನಿಗೆ ಬಡಿಸುವುದು ಮಾತ್ರ ಆಗಲಿಲ್ಲ. ಪಾತ್ರೆಯಲ್ಲಿ ಕಳಿಸಿಕೊಡು ಎಂದು ನಾನು ಹೇಳಿದರೆ, "ಕಳಿಸಿದ ಊಟ ಬಡಿಸಿದ ಊಟ ಅಲ್ಲ" ಎನ್ನುತ್ತಿದ್ದಳು. ಅವಳ ಹಂದಿ ಮಾಂಸದ ಬಫಾತ್ ಎಂದರೆ ಮಾಮ್‌ಗೆ ಪ್ರಾಣ. ಚಿಕ್ಕಂದಿನಲ್ಲಿ ಮಡಕೆಯ ತಳವನ್ನು ರೊಟ್ಟಿಯಿಂದ ಒರೆಸಿ ತಿನ್ನುತ್ತಿದ್ದನಂತೆ. ಈಗ ಚಕ್ರದ ಮೇಲೆ ಒಂದು ಮನೆ ಬಂದಿತ್ತು, ಹೊಸ್ತಿಲಿಲ್ಲದ ಮನೆ. ಮಾಯ್ ವಾಮಂಜೂರಿಗೆ ಹೋಗಿ ಕೇಳಿದಳು. ಮಾಮ್ ನಕ್ಕನಂತೆ. "ಗಾಡಿಗೆ ಎಂತ ಹೊಸ್ತಿಲು! ಸುರತ್ಕಲ್ ಕಡಲ ಬದಿಗೆ ಅಲ್ವಾ? ಬರ್ತೇನೆ, ಭಾನುವಾರ ಮಧ್ಯಾಹ್ನ" ಎಂದನಂತೆ. ಅವನೂ ಒಂದು ನೆಪಕ್ಕಾಗಿ ಕಾಯುತ್ತಿದ್ದನೋ ಏನೋ. ಅಂದು ಮಾಯ್ ಬಸ್ಸಿನಿಂದ ಇಳಿದು ಮನೆಗೆ ಬರುವಾಗ ಓಡುತ್ತಿದ್ದಳೆಂದು ನನಗೆ ನೆನಪು. ಐವತ್ತು ದಾಟಿದ, ಮಂಡಿನೋವಿನ ಹೆಂಗಸು ಓಡಿರಲಾರಳು. ಆದರೆ ಹಾಗೆ ನೆನಪು.

ಬಫಾತ್ ರುಚಿಗೆ ಬರುವುದು ಮೂರನೆಯ ದಿನಕ್ಕೆ. ಭಾನುವಾರಕ್ಕೆ ಮೂರನೆಯ ದಿನವಾಗಬೇಕಾದರೆ ಶುಕ್ರವಾರ ಬೇಯಿಸಬೇಕು. ಶುಕ್ರವಾರ ನಮಗೆ ಮಾಂಸ ನಿಷೇಧ. ಬೇಯಿಸಬಹುದು, ಬಾಯಿಗೆ ಹಾಕುವಂತಿಲ್ಲ, ಉಪ್ಪು ನೋಡುವುದಕ್ಕೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಮಾಯ್ ಆ ದಿನಗಳಲ್ಲಿ ಮೂಗಿನಿಂದಲೂ ಕೈಯಳತೆಯಿಂದಲೂ ಅಡುಗೆ ಮಾಡುತ್ತಿದ್ದಳು. ಕಳ್ಳಿನಿಂದ ತಯಾರಿಸಿದ ಹುಳಿಗೆ, ಎಂದರೆ ವಿನೆಗರಿಗೆ, ನಾವು ಶಿರ್ಕ ಎನ್ನುತ್ತೇವೆ. ಮಾಂಸ ಕೆಡದಂತೆ ಉಳಿಸುವುದು ಅದೇ. ಅದನ್ನು ಅಂಗೈ ಬಟ್ಟಲಿನಲ್ಲಿ ಅಳೆದು ಹಾಕಿ, ಮರುದಿನ ಕುದಿಸುವಾಗ ರುಚಿ ನೋಡಿ ಸರಿಮಾಡುವುದು ಅವಳ ಕ್ರಮ. ಆಮೇಲೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕುದಿ ಬರಿಸುತ್ತಿದ್ದರೆ, ಮೇಲೆ ಕೊಬ್ಬು ಹೆಪ್ಪುಗಟ್ಟಿ ಮುಚ್ಚಳದಂತೆ ಕೂತು, ವಾರವಾದರೂ ಮಾಂಸ ಕೆಡದು.

ಶುಕ್ರವಾರ ಸಂಜೆ ಮಡಕೆಯನ್ನು ಒಲೆಯಿಂದ ಇಳಿಸುತ್ತಲೇ ಬಾಪ್ಪು ಅಡುಗೆಮನೆಗೆ ಬಂದ. "ವೊನ್ನಿ, ಇದು ಸೀದಾ ಫ್ರಿಜ್ಜಿಗೆ" ಎಂದ. ಅಣ್ಣನ ಹೆಂಡತಿಯನ್ನು ನಮ್ಮಲ್ಲಿ ಕರೆಯುವುದು ಹಾಗೆ.

"ಬಿಸಿ ಉಂಟು ಮಾರಾಯ. ಮತ್ತೆ ನಾಳೆ ಬೆಳಿಗ್ಗೆ ಕುದಿಸ್ಬೇಕು."

"ಕುದಿಸುದು ಎಂತಕ್ಕೆ? ಸಾಹೇಬರ ಹೆಂಡ್ತಿಯರು ಕುದಿಸ್ತಾರಾ? ಫ್ರಿಜ್ಜಲ್ಲಿ ಇಟ್ರೆ ಭಾನುವಾರದವರೆಗೆ ಮುಟ್ಲಿಕ್ಕಿಲ್ಲ. ಬಾಗಿಲು ತೆಗೆದ್ರೆ ತಂಡಿ ಹೋಗ್ತದೆ."

ಮಾಯ್ ನನ್ನ ಕಡೆ ನೋಡಿದಳು. "ಹೌದಾ, ಪುತಾ?"

"ಹೌದು ಮಾಯ್," ಎಂದೆ. ಹೇಳಿದ್ದು ಅಷ್ಟೇ.

ರಾತ್ರಿಯಿಡೀ ಮನೆಯ ಕರೆಂಟಿನಲ್ಲಿ ಫ್ರಿಜ್ ಓಡಿಸಿ, ಶನಿವಾರ ಬೆಳಿಗ್ಗೆ ಹೊರಟೆವು. ಆ ದಾರಿಯ ಬಗ್ಗೆ, ಆಗ ನಾನು ಬರೆದಿಡುತ್ತಿದ್ದ ದಿನಚರಿಯಲ್ಲಿ "ಗಾಡಿ ಚೆನ್ನಾಗಿ ಓಡಿತು" ಎಂದಿದೆ. ನನಗೆ ನೆನಪಿರುವುದು ಮೇ ತಿಂಗಳ ಸೆಕೆ, ಪೆಟ್ರೋಲಿನ ಹೊಗೆ, ಆಸಿಡ್ಡಿನ ಘಾಟು, ಅವುಗಳ ನಡುವೆ ಮೂಗು ಮುಚ್ಚಿಕೊಂಡು ಜಪಮಾಲೆ ಎಣಿಸುತ್ತಿದ್ದ ಮಾಯ್. ಸುರತ್ಕಲ್ ಕಡಲ ಬದಿಯಲ್ಲಿ ತೆಂಗಿನ ಮರಗಳ ಆಚೆಗೆ ಮೂತಿಯನ್ನು ಸಮುದ್ರಕ್ಕೆ, ಹಿಂಬಾಗಿಲನ್ನು ರಸ್ತೆಗೆ ಮಾಡಿ ವ್ಯಾನು ನಿಲ್ಲಿಸಿದ್ದಾಯಿತು. ಹಿಂದಿನ ಚಕ್ರಗಳು ಅರ್ಧ ಹೂತವು. ಬಾಪ್ಪು ಎಂಜಿನ್ ಆರಿಸಿ, ಕನ್ವರ್ಟರ್ ಚಾಲೂ ಮಾಡಿದ. ಕಿರುಚಾಟ ಶುರುವಾಯಿತು. ಬಲೆ ಒಣಗಿಸುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ಬಾಪ್ಪು ಬನಿಯನ್ನಿನಲ್ಲಿ ಮೆಟ್ಟಿಲ ಮೇಲೆ ನಿಂತು, ಒಂದು ಗ್ಲಾಸು ತಣ್ಣೀರನ್ನು ಅವರಿಗೆ ಕಾಣುವಂತೆ ಎತ್ತಿ ಹಿಡಿದು ಕುಡಿದು, ಜೋರಾಗಿ ತೇಗಿದ. ಅವರಲ್ಲೊಬ್ಬಳು ಏನೋ ಹೇಳಿದಳು, ಎಲ್ಲರೂ ನಕ್ಕರು. ನನಗೆ ನೆಲಕ್ಕಿಳಿದು ಹೋಗುವಂತಾಯಿತು. ಅವರು ನಕ್ಕದ್ದು ನನ್ನನ್ನೂ ಸೇರಿಸಿಯೇ ಅಲ್ಲವೇ.

ಸಂಜೆ ಬಾಪ್ಪು ಮೀನು ತರಲು ಹೋದ. ಮಾಯ್ ನೀರಿನ ಅಂಚಿನಲ್ಲಿ ನಡೆಯುತ್ತಿದ್ದಳು. ನಾನು ವ್ಯಾನಿನೊಳಗೆ ಬೆವರುತ್ತಾ ಬಿದ್ದಿದ್ದೆ. ರೇಡಿಯೊ ಹಾಕೋಣ ಎನಿಸಿತು. ಕನ್ವರ್ಟರಿಗೆ ಇದ್ದದ್ದು ಒಂದೇ ಪ್ಲಗ್ಗಿನ ಜಾಗ. ಫ್ರಿಜ್ಜಿನ ಪ್ಲಗ್ ಕಿತ್ತು ರೇಡಿಯೊದ ಪ್ಲಗ್ ಹಾಕಿದೆ. ಒಂದು ಗಂಟೆ ಹಾಡು ಕೇಳಿರಬೇಕು. ಆಮೇಲೆ ಹಾಡುಗಾರನ ಸ್ವರ ಸಣ್ಣಗಾಯಿತು. ಕನ್ವರ್ಟರಿನ ಕಿರುಚಾಟ ನರಳಾಟವಾಯಿತು, ನಿಂತಿತು. ಇಷ್ಟು ಹೊತ್ತು ಇಲ್ಲದಿದ್ದ ಸಮುದ್ರದ ಸದ್ದು ಒಮ್ಮೆಲೇ ಒಳಗೆ ಬಂತು. ನಾನು ರೇಡಿಯೊದ ಪ್ಲಗ್ ಕಿತ್ತು, ಫ್ರಿಜ್ಜಿನದನ್ನು ಮೊದಲಿನಂತೆ ಸಿಕ್ಕಿಸಿಟ್ಟೆ. ಕರೆಂಟೇ ಇಲ್ಲದ ಕನ್ವರ್ಟರಿಗೆ.

ಬಾಪ್ಪು ಬಂದು, ತಂದ ಬಂಗುಡೆಯನ್ನು ಫ್ರಿಜ್ಜಿಗೆ ತುರುಕಿ, "ಎಂತ ಸದ್ದು ಇಲ್ಲ?" ಎಂದ.

"ಬ್ಯಾಟರಿ ಸ್ವಲ್ಪ ಕಡಿಮೆ ಆಗಿದೆ. ಎಂಜಿನ್ ಓಡಿಸಿದರೆ ಆಯ್ತು," ಎಂದೆ.

ಎಂಜಿನ್ ಓಡಬೇಕಾದರೂ ಅದೇ ಬ್ಯಾಟರಿ ಬೇಕಿತ್ತು. ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ ಬಾಪ್ಪುವಿನ ಅಂಗೈ ಸುಲಿಯಿತು. ಕೊನೆಗೆ ಅವನು ಹ್ಯಾಂಡಲನ್ನು ಮರಳಿಗೆ ಎಸೆದು, "ಅಡ್ಡಿ ಇಲ್ಲ. ಬಾಗಿಲು ತೆಗೆಯದಿದ್ರೆ ಎರಡು ದಿನ ತಂಡಿ ಇರ್ತದೆ" ಎಂದು ಘೋಷಿಸಿದ. ಮಾಯ್ ಸ್ಟವ್ ಹಚ್ಚಿ, "ಹಾಗಾದ್ರೆ ಒಮ್ಮೆ ಕುದಿಸ್ತೇನೆ, ಹೊರಗೆ ತೆಗಿ" ಎಂದಳು. ಬಾಪ್ಪು ಫ್ರಿಜ್ಜಿಗೆ ಬೆನ್ನು ಕೊಟ್ಟು ಕುಳಿತ. "ವೊನ್ನಿ, ನಿಮಗೆ ಇದು ಅರ್ಥ ಆಗುದಿಲ್ಲ. ಇವನನ್ನು ಕೇಳಿ."

ಈ ಸಲ ಮಾಯ್ ಕೇಳಲಿಲ್ಲ, ನೋಡಿದಳಷ್ಟೆ. ನಾನು ತಲೆಯಾಡಿಸಿದೆ. ಸ್ಟವ್ ಆರಿಸಿದಳು.

ಭಾನುವಾರ ಬೆಳಿಗ್ಗೆ ಅವರಿಬ್ಬರೂ ಪೂಜೆಗೆಂದು ಇಗರ್ಜಿಗೆ ನಡೆದು ಹೋದರು. ವ್ಯಾನು ಕಾಯಬೇಕು ಎಂಬ ನೆಪದಿಂದ ನಾನು ಉಳಿದೆ. ಭಾನುವಾರದ ಪೂಜೆ ತಪ್ಪಿಸುವುದು ದೊಡ್ಡ ಪಾಪ. ಮಾಯ್ ಒಂದು ಮಾತೂ ಆಡದೆ ಹೋದದ್ದು, ಅವಳ ಮನಸ್ಸು ಪೂರ್ತಿ ಮಧ್ಯಾಹ್ನದ ಊಟದ ಮೇಲಿತ್ತು ಎಂಬುದಕ್ಕೆ ಸಾಕ್ಷಿ. ದಿನಚರಿಯಲ್ಲಿ ಆ ಬೆಳಗಿಗೆ ಒಂದೇ ಸಾಲಿದೆ: "ಒಬ್ಬನೇ ಇದ್ದೆ, ಓದಿದೆ."

ಮಾಮ್ ಹೇಳಿದ ಹೊತ್ತಿಗೆ ಬಂದ. ಕೊಡೆ, ಬಿಳಿ ಪ್ಯಾಂಟು, ಅಕ್ಕನ ಮದುವೆಯ ಅದೇ ಕೋಟು. ವ್ಯಾನಿನ ಸುತ್ತ ಒಂದು ಸುತ್ತು ಹಾಕಿ, ಹೂತ ಚಕ್ರವನ್ನು ಕೊಡೆಯಿಂದ ತಟ್ಟಿದ.

"ಇದು ಗಾಡಿಯಾ, ನೆಟ್ಟ ಗಿಡವಾ?"

ಬಾಪ್ಪು ನಗಲು ಪ್ರಯತ್ನಿಸಿದ. "ಒಳಗೆ ಬನ್ನಿ ಭಾವ. ಫ್ರಿಜ್ ಉಂಟು, ಲೈಟ್ ಉಂಟು, ಎಲ್ಲ ಕರೆಂಟಿನದ್ದು."

"ಕರೆಂಟು ಕಾಣುದಿಲ್ಲ. ಸಣ್ಣ ಪ್ರಾಣಿಯಾ?"

ಮಾಯ್ ಜೋರಾಗಿ ನಕ್ಕಳು. ಐದು ವರ್ಷದಲ್ಲಿ ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಮಾಮ್ ಮೆಟ್ಟಿಲು ಹತ್ತಿ ಒಳಗೆ ಬಂದು, ಮಂಚದ ಮೇಲೆ ಕೋಟು ಬಿಚ್ಚಿಟ್ಟು ಕುಳಿತ. ಮಾಯ್ ಬಟ್ಟಲು ಇಟ್ಟಳು, ಅನ್ನ ಹಾಕಿದಳು. ಆಮೇಲೆ ಫ್ರಿಜ್ಜಿನ ಬಾಗಿಲು ತೆಗೆದಳು.

ಹೊರಬಿದ್ದದ್ದು ಬರಿಯ ವಾಸನೆಯಲ್ಲ. ಮುಚ್ಚಿಟ್ಟ ಬೆಚ್ಚಗಿನ ಬಾಯಿಯೊಂದು ಮುಖದ ಮೇಲೆ ಉಸಿರು ಬಿಟ್ಟಂತಾಯಿತು. ಮಡಕೆಯ ಮೇಲೆ ಕೊಬ್ಬು ಹೆಪ್ಪುಗಟ್ಟಿರಲಿಲ್ಲ. ಸಾರು ಉಬ್ಬಿ, ಬೂದು ಬಣ್ಣದ ನೊರೆ ಅಂಚಿನಿಂದ ಇಳಿದು, ಕೆಳಗಿನ ತಟ್ಟೆಯಲ್ಲಿದ್ದ ಬಂಗುಡೆ ಮೀನಿನ ಮೇಲೆ ಬಿದ್ದಿತ್ತು. ನೊರೆಯಲ್ಲಿ ಗುಳ್ಳೆಗಳು ಏಳುತ್ತಿದ್ದವು, ಒಡೆಯುತ್ತಿದ್ದವು. ಮೀನಿನ ಹೊಟ್ಟೆ ಬಿರಿದಿತ್ತು. ಮಾಂಸ ತೊಳೆದಂಥ ಕೆಂಪು ನೀರು ಬಾಗಿಲ ರಬ್ಬರಿನಿಂದ ತೊಟ್ಟಿಕ್ಕಿ ಮಾಯ್‌ಳ ಪಾದದ ಮೇಲೆ ಬಿತ್ತು. ಅವಳು ಕಾಲು ಹಿಂದೆಳೆಯಲಿಲ್ಲ. ಮಾಮ್ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಎದ್ದು ನಿಂತ.

ಮೊದಲು ಮಾತಾಡಿದ್ದು ಬಾಪ್ಪು. "ಶಿರ್ಕ ಕಡಿಮೆ ಹಾಕಿದ್ದೀರಿ, ವೊನ್ನಿ. ಶಿರ್ಕ ಸರಿ ಇದ್ರೆ ಹೀಗೆ ಆಗುದಿಲ್ಲ. ಫ್ರಿಜ್ ಎಂತ ಮಾಡ್ತದೆ, ಪಾಪ?"

ಮಾಯ್ ಬಾಯಿ ತೆರೆದಳು. ಶುಕ್ರವಾರ ಅವಳು ರುಚಿ ನೋಡಿರಲಿಲ್ಲ. ಶನಿವಾರ ನಾವು ನೋಡಲು ಬಿಟ್ಟಿರಲಿಲ್ಲ. ಹಾಕಿದ ಶಿರ್ಕ ಸರಿಯಿತ್ತೋ ಇಲ್ಲವೋ ಎಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಕೈ ತಪ್ಪಿತೋ ಏನೋ," ಎಂದಳು, ಮಡಕೆಯನ್ನೇ ನೋಡುತ್ತಾ.

ನಾನು ಅಲ್ಲಿಯೇ, ಎರಡು ಮೊಳ ದೂರದಲ್ಲಿ, ನಿಂತಿದ್ದೆ.

ಮಾಮ್ ಕೋಟು ಹಾಕಿಕೊಂಡ. ಮೆಟ್ಟಿಲಿಳಿದು ಬಾಪ್ಪುವಿಗೆ, "ನಿನ್ನ ಮನೆಯ ಊಟ ಬೇಡ ಅಂದೆ. ನೀನು ಮನೆಗೆ ಚಕ್ರ ಹಾಕಿ ನನ್ನ ಮೂಗಿನ ಹತ್ತಿರ ತಂದೆ" ಎಂದ. ಮರಳಿನಲ್ಲಿ ಕೊಡೆ ಊರಿಕೊಂಡು ರಸ್ತೆಯ ಕಡೆ ನಡೆದ. ಮಾಯ್ ಮಡಕೆಯನ್ನು ಹೊರಗೆ ಒಯ್ದು, ಕೈಯಿಂದಲೇ ಮರಳು ತೋಡಿ ಹೂತಳು. ನಾಯಿಗಳು ಬಂದು ತೋಡಿದವು, ಮತ್ತೆ ಹೂತಳು. ಒಂದು ನಾಯಿ ಮೂಸಿ, ತಿನ್ನದೆ ಹಿಂದೆ ಸರಿದದ್ದನ್ನು ಅವಳು ನೋಡಿದಳು.

ಇಷ್ಟು ವರ್ಷ ನಾನು ನಂಬಿಕೊಂಡು ಬಂದದ್ದು ಹೀಗೆ: ಪ್ಲಗ್ ಕಿತ್ತದ್ದು ನನ್ನ ತಪ್ಪು, ಆದರೆ ಮಾಂಸ ಕೆಟ್ಟದ್ದು ಬಾಗಿಲು ತೆಗೆದ ಮೇಲೆಯೇ ನನಗೂ ಗೊತ್ತಾದದ್ದು. ಇದನ್ನು ಬರೆಯುತ್ತಾ ಕುಳಿತಾಗ ಒಂದು ವಿಷಯ ನನ್ನನ್ನು ತಡೆಯಿತು. ನನ್ನ ನೆನಪಿನ ಚಿತ್ರದಲ್ಲಿ ಆ ನೊರೆಯ ಗುಳ್ಳೆಗಳು ಹೊಳೆಯುತ್ತಿವೆ. ಫ್ರಿಜ್ಜಿನ ಒಳಗೆ, ತಳದವರೆಗೆ, ಓರೆಯಾದ ಹಳದಿ ಬಿಸಿಲು ಬಿದ್ದಿದೆ. ವ್ಯಾನಿನ ಹಿಂಬಾಗಿಲು ರಸ್ತೆಯ ಕಡೆಗಿತ್ತು, ಎಂದರೆ ಪೂರ್ವಕ್ಕೆ. ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿರುವಾಗ, ಆ ಬಾಗಿಲಿನಿಂದ ಒಂದು ಕಿರಣವೂ ಒಳಗೆ ಬರುವಂತಿಲ್ಲ.

ಅಂಥ ಬಿಸಿಲು ಬೀಳುವುದು ಬೆಳಿಗ್ಗೆ ಮಾತ್ರ. ಅವರು ಪೂಜೆಗೆ ಹೋಗಿದ್ದಾಗ.

ಹಾಗಾದರೆ ನಾನು ತೆರೆದು ನೋಡಿದ್ದೆ. ನೋಡಿ, ಮುಚ್ಚಿಟ್ಟಿದ್ದೆ. ಇನ್ನೂ ನಾಲ್ಕು ಗಂಟೆ ಸಮಯವಿತ್ತು. ಇಗರ್ಜಿಗೆ ಓಡಿ ಹೇಳಬಹುದಿತ್ತು. ಮಾಯ್ ಹಳ್ಳಿಯಿಂದ ಒಂದು ಕೋಳಿ ತಂದಾದರೂ ಸಾರು ಮಾಡುತ್ತಿದ್ದಳು. ಮಾಮ್ ಉಣ್ಣುತ್ತಿದ್ದ. ಆದರೆ ಹೇಳಿದರೆ ಪ್ಲಗ್ಗಿನ ಮಾತು ಬರುತ್ತಿತ್ತು. ನೆನಪನ್ನು ನಾನು ನಂಬುವವನಲ್ಲ. ಬೇರೆ ಯಾವುದೋ ಬೆಳಗಿನ ಬಿಸಿಲು ಬಂದು ಈ ಚಿತ್ರಕ್ಕೆ ಅಂಟಿಕೊಂಡಿದೆ ಎಂದು ವಾದಿಸಬಲ್ಲೆ. ವಾದಿಸಿ ನೋಡಿದೆ. ಚಿತ್ರದಿಂದ ಬಿಸಿಲು ಕದಲಲಿಲ್ಲ.

ವ್ಯಾನನ್ನು ಒಂದು ಲಾರಿ ಎಳೆದು ತಂದಿತು. ಬಾಪ್ಪು ಫ್ರಿಜ್ಜನ್ನು ಸೋಪಿನಿಂದ, ಸುಣ್ಣದಿಂದ, ಕಾಫಿಪುಡಿಯಿಂದ ತೊಳೆದ. ನಾತ ರಬ್ಬರಿನಲ್ಲಿ ಕೂತುಬಿಟ್ಟಿತ್ತು. ಕೊನೆಗೆ ಅದು ಹಿತ್ತಲಿನಲ್ಲಿ ಕೋಳಿಗೂಡಾಯಿತು. ಕೋಳಿಗಳೂ ಅದರೊಳಗೆ ಮೊಟ್ಟೆಯಿಡಲಿಲ್ಲ. ಬಾಪ್ಪು ಮಾತ್ರ ಬಂದವರಿಗೆಲ್ಲ ಕತೆ ಹೇಳುತ್ತಲೇ ಇದ್ದ: "ಗಾಡಿ ಫಸ್ಟ್ ಕ್ಲಾಸ್. ಕನ್ವರ್ಟರ್ ಫಸ್ಟ್ ಕ್ಲಾಸ್. ವೊನ್ನಿಯ ಶಿರ್ಕ ಮಾತ್ರ ಕೈಕೊಟ್ಟಿತು." ಜನ ನಗುತ್ತಿದ್ದರು. ಮಾಯ್ ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದಳು.

ಆ ಕ್ರಿಸ್ಮಸ್ಸಿಗೆ ವಾಮಂಜೂರಿನಿಂದ ಗದ್ದೆ ಕೆಲಸದವನೊಬ್ಬ ಒಂದು ಬಾಟ್ಲಿ ತಂದುಕೊಟ್ಟ. ಮಾಮ್‌ನ ಸ್ವಂತ ತೆಂಗಿನ ಕಳ್ಳಿನ ಶಿರ್ಕ. ಜೊತೆಗೆ ಒಂದು ಮಾತೂ ಇಲ್ಲ, ಚೀಟಿಯೂ ಇಲ್ಲ. ನನಗದು ಕೆನ್ನೆಗೆ ಹೊಡೆದಂತೆ ಕಂಡಿತು. ಮಾಯ್ ಬಾಟ್ಲಿಯನ್ನು ಸೆರಗಿನಿಂದ ಒರೆಸಿ, "ಅಣ್ಣ ಕಳಿಸಿದ್ದು" ಎಂದು ದೇವರ ಪಟದ ಕೆಳಗಿಟ್ಟಳು. ಅಂದಿನಿಂದ ಅವಳ ಅಡುಗೆ ಕೆಟ್ಟಿತು. ಬಫಾತಿಗೆ ಒಂದು ಅಂಗೈ ಹಾಕುವಲ್ಲಿ ಮೂರು ಹಾಕುತ್ತಿದ್ದಳು. ಮಾಂಸ ಹಲ್ಲು ಚುಳ್ಳೆನ್ನುವಷ್ಟು ಹುಳಿ, ಗಂಟಲಲ್ಲಿ ಇಳಿಯದು. ಅವಳು ನಮ್ಮ ಮುಖ ನೋಡುತ್ತಾ ನಿಲ್ಲುತ್ತಿದ್ದಳು. ನಾನು ನುಂಗುತ್ತಿದ್ದೆ.

ಈಸ್ಟರಿನ ದಿನ ಬಾಪ್ಪು ಆ ಹುಳಿಯನ್ನು ಚಪ್ಪರಿಸಿ, ಬೆರಳು ನೆಕ್ಕಿ, "ಈಗ ನೋಡಿ ವೊನ್ನಿ, ಈಗ ಕಲಿತ್ರಿ" ಎಂದ. ಅವನ ಗಲ್ಲದ ಮೇಲೆ ಎಣ್ಣೆ ಇಳಿಯುತ್ತಿತ್ತು. ನನಗೆ ಬಟ್ಟಲನ್ನು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಎಸೆಯಲು ನನಗೆ ಯಾವ ಹಕ್ಕಿತ್ತು? ಎದ್ದು ಅಡುಗೆಮನೆಗೆ ಹೋದೆ. ಮಾಯ್ ನೆಲದ ಮೇಲೆ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದಳು. ನಿಂತುಕೊಂಡೇ ಹೇಳಿದೆ: ರೇಡಿಯೊ, ಪ್ಲಗ್, ಸತ್ತ ಬ್ಯಾಟರಿ.

ತುರಿಯುವುದು ನಿಂತಿತು. ಅವಳು ಬೈಯಲಿಲ್ಲ. "ಹಾಗಾದ್ರೆ," ಎಂದಳು, "ಅವತ್ತು ಶಿರ್ಕ ಸರಿ ಇತ್ತಾ?"

"ಸರಿ ಇತ್ತು, ಮಾಯ್."

"ನಿನಗೆ ಹೇಗೆ ಗೊತ್ತು? ತಿಂದು ನೋಡಿದ್ಯಾ?"

"ಫ್ರಿಜ್ ನಿಂತಿತ್ತಲ್ಲ. ಬಿಸಿ ಮಡಕೆಯನ್ನು ಹಾಗೆ ಮುಚ್ಚಿಟ್ಟರೆ ಎಷ್ಟು ಶಿರ್ಕ ಹಾಕಿದರೂ ಕೆಡುತ್ತಿತ್ತು."

ಅವಳು ಕೈ ಒರೆಸಿಕೊಂಡಳು. "ಇದನ್ನು ಅಣ್ಣನಿಗೆ ಹೇಳಿ ಬಾ."

ದಿನಚರಿಯಲ್ಲಿ ಅದೇ ವಾರ ಒಂದು ಸಾಲಿದೆ: "ವಾಮಂಜೂರಿಗೆ ಹೋದೆ. ಮಾಮ್ ಸಿಗಲಿಲ್ಲ." ಇದು ಸುಳ್ಳು. ಮಾಮ್ ಗದ್ದೆಯ ಬದುವಿನಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದ. ಕೂ ಎಂದಿದ್ದರೆ ಕೇಳುತ್ತಿತ್ತು. ನಾನು ಬಂದ ದಾರಿಯಲ್ಲೇ ಮರಳಿದೆ. ಯಾರೂ ಓದದ ಪುಸ್ತಕದಲ್ಲಿ ಕೂಡ ಸುಳ್ಳು ಬರೆದಿಟ್ಟವನ ಮಾತನ್ನು ಓದುವವರು ಎಷ್ಟು ನಂಬಬೇಕೋ ಗೊತ್ತಿಲ್ಲ. ಮನೆಯಲ್ಲಿ ಇನ್ನೂ ಕೆಟ್ಟದ್ದು ಮಾಡಿದೆ. ಮಾಯ್ ಬಾಗಿಲಲ್ಲೇ ಕಾಯುತ್ತಿದ್ದಳು. "ಹೇಳಿದೆ" ಎಂದೆ. "ಎಂತ ಅಂದ?" ಎಂದಳು. "ಭಾನುವಾರ ಬರ್ತೇನೆ ಅಂದರು" ಎಂದುಬಿಟ್ಟೆ.

ಅವಳು ಗುರುವಾರ ಹಂದಿ ಮಾಂಸ ತರಿಸಿದಳು. ಶುಕ್ರವಾರ ಬೇಯಿಸಿದಳು, ರುಚಿ ನೋಡಲಿಲ್ಲ. ಶನಿವಾರ ಬೆಳಿಗ್ಗೆ ಕುದಿಸಿ, ಬೆರಳ ತುದಿಗೆ ಒಂದು ಹನಿ ಹಚ್ಚಿಕೊಂಡು ನಾಲಿಗೆಗಿಟ್ಟು, ಕಣ್ಣು ಮುಚ್ಚಿ ನಿಂತಳು. ಸಂಜೆ ಮತ್ತೆ ಕುದಿಸಿದಳು. ಹಳೆಯ ಅಳತೆ, ಹಳೆಯ ಪರಿಮಳ. ಮನೆ ತುಂಬ ಹರಡಿದ ಆ ಪರಿಮಳಕ್ಕೆ ನನ್ನ ಬಾಯಲ್ಲಿ ಕಹಿ ನೀರು ಬಂತು. ಸೈಕಲ್ ತೆಗೆದುಕೊಂಡು ಹೊರಟೆ.

ಮಾಮ್ ಅಂಗಳದಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಈ ಸಲ ಎಲ್ಲವನ್ನೂ ಹೇಳಿದೆ, ಭಾನುವಾರದ ಸುಳ್ಳನ್ನೂ ಸೇರಿಸಿ. ಅವನು ಕೆಂಪಗೆ ಉಗುಳಿದ. ನನ್ನ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ ಬಿತ್ತು.

"ಬಿ.ಎಸ್ಸಿ. ಓದಿದ್ದು ಇದಕ್ಕಾ?"

ನಾನು ಚಪ್ಪಲಿಯನ್ನು ಹಿಂದಕ್ಕೆ ಎಳೆದುಕೊಂಡೆ.

"ಅವಳ ಕೈ ತಪ್ಪಿತು ಅಂತ ನಾನೂ ನಂಬಿದೆ ಮಾರಾಯ. ಬಾಟ್ಲಿ ಬೇರೆ ಕಳಿಸಿದೆ." ಮತ್ತೆ ಉಗುಳಿದ. ಈ ಸಲ ಉಗುಳಿದ್ದು ನನಗೋ, ತನಗೋ, ಹೇಳಲಾರೆ. "ಈಗ ಮಡಕೆ ಒಲೆಯ ಮೇಲೆ ಉಂಟು ಅಂತಿಯಾ?"

"ಉಂಟು."

"ದಿನಕ್ಕೆ ಎರಡು ಸಲ ಕುದಿಸ್ತಾಳಾ?"

"ಕುದಿಸ್ತಾಳೆ."

"ಹೋಗು ನೀನು. ನಿನ್ನ ಮುಖ ನೋಡ್ಲಿಕ್ಕೆ ಆಗುದಿಲ್ಲ ನನಗೆ."

ಭಾನುವಾರ ಮಧ್ಯಾಹ್ನ ಮಾಮ್ ಬಂದ. ಗೇಟು ದಾಟಿದ, ಅಂಗಳ ದಾಟಿದ, ಹೊಸ್ತಿಲ ಹತ್ತಿರ ನಿಂತ. ಮಾಯ್ ಒಳಗೆ ಬಾ ಎನ್ನಲಿಲ್ಲ. ಅವಳಿಗೆ ಅವನು ಗೊತ್ತಿದ್ದ. ಅವನು ಕೋಟು ಬಿಚ್ಚಿ, ಮಡಚಿ, ಹೊರಗಿನ ಮೆಟ್ಟಿಲ ಮೇಲೆ ಹಾಸಿ ಅದರ ಮೇಲೆ ಕುಳಿತ. ನಮ್ಮ ಕಡೆ ಆ ಮೆಟ್ಟಿಲ ಮೇಲೆ ಕೂತು ಉಣ್ಣುವವರು ಭಿಕ್ಷುಕರು. ಬಾಪ್ಪು ಜಗಲಿಗೆ ಬಂದು, "ಅಲ್ಲಿ ಎಂತಕ್ಕೆ ಭಾವ, ಮೇಜು ಉಂಟಲ್ಲ" ಎಂದ. ಯಾರೂ ಅವನ ಕಡೆ ತಿರುಗಲಿಲ್ಲ. ಮಾಯ್ ಹೊಸ್ತಿಲ ಒಳಗಿನಿಂದ ಬಗ್ಗಿ, ಹೊರಗಿದ್ದ ಬಟ್ಟಲಿಗೆ ಬಡಿಸಿದಳು.

ನಾನು ಒಳಕೋಣೆಯಲ್ಲಿದ್ದೆ. ಅವನು ತಿನ್ನುವ ಸದ್ದು ಕೇಳುತ್ತಿತ್ತು. ಕೊನೆಗೆ ಮಾಮ್‌ನ ದನಿ: "ಬಾಯೆ, ಶಿರ್ಕ ಸರಿ ಉಂಟು."

ಇದು ನಾನು ಕೇಳಿದ್ದೇ ಹೌದು ಎಂದುಕೊಂಡಿದ್ದೇನೆ. ದಿನಚರಿಯಲ್ಲಿ ಆ ದಿನದ ಪುಟ ಖಾಲಿ. ಮಾಯ್ ಮಡಕೆಯನ್ನೇ ಹೊರಗೆ ಒಯ್ದದ್ದು ಮಾತ್ರ ಖಂಡಿತ. ಅದರ ತಳ ಒರೆಸಲು ನನ್ನ ಹತ್ತಿರ ರೊಟ್ಟಿ ಕೇಳಿದಳು. ಕೊಟ್ಟೆ. ನನಗೂ ಒಂದು ಬಟ್ಟಲು ಎತ್ತಿಟ್ಟಿದ್ದಳು. ಅದನ್ನು ಬಾಯಿಯ ಹತ್ತಿರ ತಂದಾಗ ಪೂರ್ವದ ಬಿಸಿಲು, ಹೊಳೆಯುವ ಗುಳ್ಳೆ, ಮತ್ತೆ ಮುಚ್ಚುತ್ತಿರುವ ಒಂದು ಬಾಗಿಲು ಕಣ್ಣೆದುರು ಬಂದವು. ಅದು ಯಾವ ಬೆಳಗು ಎಂದು ಅಂದು ನನಗೆ ನಾನೇ ಕೇಳಿಕೊಳ್ಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಹಿತ್ತಲಿಗೆ ಹೋಗಿ, ಕೋಳಿಗಳಿಲ್ಲದ ಫ್ರಿಜ್ಜಿನ ಪಕ್ಕದಲ್ಲಿ ವಾಂತಿ ಮಾಡಿದೆ.